ಎಂಟು ತಿಂಗಳ ಹಿಂದೆ ಬಿಟ್ಟ ಖಿನ್ನತೆಯ ಮಾತ್ರೆಯನ್ನು ನಾನೇ ಮತ್ತೆ ಶುರುಮಾಡಬಹುದೇ?

ಬೇಡ. ಇವತ್ತು ರಾತ್ರಿ ಆ 20 ಮಿಲಿಗ್ರಾಂ ಮಾತ್ರೆಯನ್ನು ನುಂಗಬೇಡಿ.

ನೀವು ಬರೆದಿರುವುದು ಇಷ್ಟು: ವಯಸ್ಸು 23, ಊರು ಸಿಂಧನೂರು. ಗುಣವಾಯಿತು ಅನ್ನಿಸಿ ಎಂಟು ತಿಂಗಳ ಹಿಂದೆ ಎಸಿಟಾಲೊಪ್ರಾಮ್ ಬಿಟ್ಟಿರಿ. ಈಗ ಮತ್ತೆ ಅದೇ ಮಂಕು. ಬೀರುವಿನಲ್ಲಿ ಅರ್ಧ ಸ್ಟ್ರಿಪ್ ಉಳಿದಿದೆ. ಮನೋವೈದ್ಯರ ಬಾಗಿಲಲ್ಲಿ ಪರಿಚಯದವರು ಕಂಡರೆ ಏನು ಗತಿ ಎಂಬ ಅಂಜಿಕೆ. ನಾನು ವೈದ್ಯನಲ್ಲ, ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೆ ನೀವು ಮಾಡಬೇಕೆಂದಿರುವುದನ್ನು ಮಾಡಿ, ಅನುಭವಿಸಿದವನು.

ನನ್ನದೂ ಅದೇ ಮಾತ್ರೆ. ಹನ್ನೊಂದು ತಿಂಗಳು ತೆಗೆದುಕೊಂಡು, ನಗು ವಾಪಸ್ಸು ಬಂದ ಮೇಲೆ ಯಾರಿಗೂ ಹೇಳದೆ ಬಿಟ್ಟಿದ್ದೆ. ಒಂಬತ್ತನೆಯ ತಿಂಗಳು, ಮುಂಗಾರು ಭತ್ತದ ಕಟಾವಿನ ಹೊತ್ತಿಗೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು ಮತ್ತೆ ಶುರುವಾಯಿತು. ಗಿರಣಿಯ ಮುಂದೆ ಟ್ರ್ಯಾಕ್ಟರ್‌ಗಳ ಸಾಲು, ರಜೆ ಕೇಳುವಂತಿರಲಿಲ್ಲ. ದೇವರ ಗೂಡಿನ ಕೆಳಗಿನ ಸ್ಟೀಲ್ ಡಬ್ಬಿಯಲ್ಲಿ ಹಳೆಯ ಸ್ಟ್ರಿಪ್ ಸಿಕ್ಕಿತು. ಬಿಟ್ಟದ್ದು 20ರಲ್ಲಿ, ಹಿಡಿಯುವುದೂ 20ರಲ್ಲೇ ಎಂಬುದು ನನ್ನ ಲೆಕ್ಕ. ಗುಮಾಸ್ತನ ಲೆಕ್ಕ: ಹಿಂದಿನ ಬಾಕಿಯನ್ನು ಮುಂದಿನ ಪುಟಕ್ಕೆ ಎತ್ತಿ ಬರೆದ ಹಾಗೆ.

ಎರಡನೆಯ ದಿನ ಮಂಡಕ್ಕಿ ಮಿರ್ಚಿ ಕಂಡರೆ ವಾಕರಿಕೆ. ಮೂರನೆಯ ದಿನ ದವಡೆ ಬಿಗಿದುಕೊಂಡು, ಕೂತಲ್ಲಿ ಕೂರಲಾಗದೆ ಒದ್ದಾಡಿದೆ. ತೂಕದ ಚೀಟಿ ಬರೆಯುವಾಗ ಕೈ ಎಷ್ಟು ನಡುಗಿತೆಂದರೆ 7 ಯಾವುದು 1 ಯಾವುದು ನನಗೇ ತಿಳಿಯಲಿಲ್ಲ. ಒಬ್ಬ ರೈತ ಚೀಟಿಯನ್ನು ಹಿಂದಕ್ಕೆ ಚಾಚಿ, 'ಅಣ್ಣಾ, ಇದನ್ನು ಇನ್ನೊಮ್ಮೆ ಬರೆದುಕೊಡಿ' ಎಂದ. ಆ ರಾತ್ರಿ ಮಾಳಿಗೆಯ ಮೇಲೆ ಸುತ್ತು ಹಾಕುತ್ತಿದ್ದವನನ್ನು ಹೆಂಡತಿ ಕಂಡಳು. ಬೆಳಗಾಗುತ್ತಲೇ ಕೊಪ್ಪಳದ ಬಸ್ ಹತ್ತಿಸಿದ್ದು ಅವಳೇ.

ಅಲ್ಲಿನ ಮನೋವೈದ್ಯೆ ಬೈಯಲಿಲ್ಲ. ಮೊದಲು ಕೇಳಿದ್ದು, ಬೇರೆ ಏನು ಮಾತ್ರೆ ನುಂಗುತ್ತಿದ್ದೀರಿ ಎಂದು. ಸೊಂಟನೋವಿಗೆ ಔಷಧಿ ಅಂಗಡಿಯಲ್ಲಿ ಕೊಟ್ಟದ್ದು ಜೇಬಿನಲ್ಲೇ ಇತ್ತು: ಟ್ರಮಡಾಲ್. ಮನೋವೈದ್ಯೆಯ ಮುಖ ಬದಲಾಯಿತು. ಎರಡೂ ಸೇರಿದರೆ ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಅತಿಯಾಗಿ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ವಿಕೋಪಕ್ಕೆ ಹೋದರೆ ಜ್ವರ, ಮೈ ಸೆಟೆಯುವುದು, ದಿಕ್ಕು ತಪ್ಪಿದಂತಾಗುವುದು, ಜೀವಕ್ಕೇ ಅಪಾಯ. ನನ್ನದು ಅಷ್ಟು ದೂರ ಹೋಗಿರಲಿಲ್ಲ. ಆ ಅಂಗಡಿಯವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಒಂದೇ ಮೈಯ ಎರಡು ಕಾಯಿಲೆಗೆ ಎರಡು ಕಡೆಯಿಂದ ಮಾತ್ರೆ ತರುವುದು ನಮ್ಮಲ್ಲಿ ರೂಢಿ.

ಎರಡನೆಯ ಪ್ರಶ್ನೆ ವಿಚಿತ್ರವಾಗಿತ್ತು. ಹಿಂದೆಂದಾದರೂ ನಾಲ್ಕೈದು ದಿನ ಎರಡೇ ತಾಸು ಮಲಗಿಯೂ ದಣಿವಿಲ್ಲದೆ, ಮಾತು ನಿಲ್ಲದೆ, ದುಡ್ಡು ಚೆಲ್ಲಿದ್ದು ಉಂಟೇ? ಇಲ್ಲ ಎಂದೆ. ಹಾಗಿದ್ದಿದ್ದರೆ ಅದು ಬೈಪೋಲಾರ್, ಅಂದರೆ ಮನಸ್ಸು ಅತಿ ಕುಗ್ಗು ಅತಿ ಹಿಗ್ಗುಗಳ ನಡುವೆ ಓಲಾಡುವ ಕಾಯಿಲೆ, ಇರಬಹುದಂತೆ. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಹಾರಬಹುದು. ಮೂರನೆಯದು ಥೈರಾಯ್ಡ್ ಪರೀಕ್ಷೆ. ಥೈರಾಯ್ಡ್ ಕುಂದಿದರೂ ಇದೇ ಮಂಕು, ಇದೇ ಆಲಸ್ಯ ಬರುತ್ತದೆ. ನನ್ನ ವರದಿ ಸರಿಯಾಗಿಯೇ ಬಂತು. ಆ ದುಡ್ಡಿಗೆ ಇಂದಿಗೂ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

20ರ ವಿಷಯದಲ್ಲಿ ನಾನು ತಪ್ಪಿದ್ದು ಹೀಗೆ. ಮೊದಲ ಸಲ ನಾನು ಒಮ್ಮೆಲೇ 20ಕ್ಕೆ ಏರಿರಲಿಲ್ಲ. 5, 10 ಎಂದು ವಾರಗಟ್ಟಲೆ ಹತ್ತಿದ್ದೆ, ಆ ಹತ್ತುವಿಕೆ ಮರೆತೇ ಹೋಗಿತ್ತು. ಇಷ್ಟು ತಿಂಗಳು ಬಿಟ್ಟ ಮೇಲೆ ಮೈಗೆ ಆ ಒಗ್ಗಿಕೆ ಉಳಿದಿರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಕೆಳಗಿನಿಂದಲೇ ಹತ್ತಿಸುತ್ತಾರೆ. ನನ್ನ ಎರಡೂ ಮಾತ್ರೆ ನಿಲ್ಲಿಸಿ, ನಡುಕ ಪೂರ್ತಿ ಇಳಿದ ಮೇಲೆ 5ರಿಂದ ಶುರುಮಾಡಿದರು. ಈ ಬಾರಿ 10ಕ್ಕೇ ಸಾಕಾಯಿತು. ಆ ಸಂಖ್ಯೆಗಳು ನನ್ನವು, ದಯವಿಟ್ಟು ಬರೆದುಕೊಳ್ಳಬೇಡಿ. ಒಂದು ದಿನ ಮಾತ್ರೆ ಮರೆತು ಮರುದಿನ ನುಂಗುವುದು ಬೇರೆ, ತಿಂಗಳುಗಳ ನಂತರ ಹಿಡಿಯುವುದು ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ನಿಮ್ಮ ವಯಸ್ಸು ಕಂಡು ನನಗೆ ಇನ್ನೊಂದು ಚಿಂತೆ. 25ರ ಒಳಗಿನವರಲ್ಲಿ ಈ ಮಾತ್ರೆಗಳನ್ನು ಶುರುಮಾಡಿದ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗಲೂ, ಸಾಯಬೇಕೆಂಬ ಯೋಚನೆ ಹೆಚ್ಚಬಹುದು ಎಂಬ ಎಚ್ಚರಿಕೆ ಇದೆ. ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಹಿಡಿಯುತ್ತದೆ, ಚಡಪಡಿಕೆ ಮಾತ್ರ ಮೊದಲ ದಿನಗಳಲ್ಲೇ ಬರುತ್ತದೆ. ಆ ನಡುವಿನ ದಿನಗಳಲ್ಲಿ ನಿಮ್ಮ ಮೇಲೆ ಒಂದು ಕಣ್ಣಿಡುವವರು ಬೇಕು. ಅಕ್ಕನೋ, ಗೆಳೆಯನೋ, ಒಬ್ಬರಿಗಾದರೂ ಹೇಳಿ.

ಅಂಜಿಕೆಯ ಮಾತಿಗೆ ಬರುತ್ತೇನೆ. 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 'ಬಳ್ಳಾರಿ ಮಾದರಿ'ಯ ಆಧಾರದ ಮೇಲೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಮನೋರೋಗಕ್ಕೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಇಡೀ ದೇಶ ನಮ್ಮ ಸೀಮೆಯಿಂದ ಕಲಿತ ವಿದ್ಯೆ ಅದು. ನಾನಂತೂ ಮೊದಲ ಸಲ ಟವೆಲ್‌ನಿಂದ ಮುಖ ಮುಚ್ಚಿಕೊಂಡು ಹೋಗಿದ್ದೆ. ಕಾಯುವ ಬೆಂಚಿನ ಮೇಲೆ ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಕೂತಿದ್ದರು. ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡಿದೆವು. ಈಗ ಅವರ ಅಂಗಡಿಯಲ್ಲಿ ನನಗೆ ಉದ್ರಿ ಸುಲಭ.

ಹೋಗುವುದೇ ಆಗದಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು; ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರಕ್ಕೆ ಮನೋವೈದ್ಯರು ಬರುತ್ತಾರೆ, ನಿಮ್ಮ ಊರಿನ ಸರದಿ ಯಾವಾಗ ಎಂದು ಮೊದಲೇ ವಿಚಾರಿಸಿ. ಸಾಯುವ ಯೋಚನೆ ಈಗಲೇ ಕಾಡುತ್ತಿದ್ದರೆ ಮಂಗಳವಾರದವರೆಗೆ ಕಾಯಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಈಗಾಗಲೇ ಒಂದೆರಡು ಮಾತ್ರೆ ನುಂಗಿದ್ದರೆ ಮುಚ್ಚಿಡಬೇಡಿ, ಗಾಬರಿಯೂ ಬೇಡ. ಮುಂದಿನ ಮಾತ್ರೆಗೆ ಮೊದಲು ಫೋನ್ ಮಾಡಿ, ಎಷ್ಟು ಎಂದು ಹೇಳಿ. ಮೈ ಸೆಟೆತ, ಜ್ವರ, ಗೊಂದಲ ಕಂಡರೆ ಅದೂ ತುರ್ತು ವಿಭಾಗದ ಕೆಲಸವೇ.

ಹೋಗುವಾಗ ಆ ಅರ್ಧ ಸ್ಟ್ರಿಪ್ಪನ್ನು ಎಸೆಯದೆ ಜೊತೆಗೆ ಒಯ್ಯಿರಿ, ಹಳೆಯ ಚೀಟಿ ಇದ್ದರೆ ಅದನ್ನೂ. ಅದರಲ್ಲಿ ಎಸಿಟಾಲೊಪ್ರಾಮ್ ಒಂದೇ ಇದೆಯೋ, ಆತಂಕ ತಗ್ಗಿಸುವ ಕ್ಲೋನಾಜೆಪಾಮ್ ಬೆರೆತಿದೆಯೋ ಎಂದು ವೈದ್ಯರು ನೋಡಬೇಕಾಗುತ್ತದೆ. ಆ ಬೆರಕೆ ಮಾತ್ರೆಗಳು ನಮ್ಮಲ್ಲಿ ಬಹಳ ಓಡುತ್ತವೆ, ಕ್ಲೋನಾಜೆಪಾಮ್ ಚಟ ಹಿಡಿಸುವ ಔಷಧಿ. ನಾನು ಹೆಸರಿರುವ ತುದಿಯಿಂದಲೇ ಮಾತ್ರೆ ಬಿಡಿಸಿ ತಿಂದಿದ್ದರಿಂದ ಹಾಳೆಯ ಮೇಲೆ 'ಪ್ರಾಮ್' ಎಂಬಷ್ಟೇ ಉಳಿದಿತ್ತು. ಮನೋವೈದ್ಯೆ ಮೊಬೈಲ್ ಟಾರ್ಚ್ ಹಿಡಿದು, ಕನ್ನಡಕ ಹಣೆಗೇರಿಸಿ, ಎರಡು ನಿಮಿಷ ಅದನ್ನೇ ತಿರುಗಿಸಿ ತಿರುಗಿಸಿ ಓದಿದರು.