ಪ್ಲಗ್ ಒಂದೇ, ಒಳಗಿನ ತಂತಿ ಬೇರೆ

ಪ್ರಶ್ನೆ: ನನ್ನಲ್ಲಿರುವ ಎರಡು ಟೈಪ್-ಸಿ ಕೇಬಲ್‌ಗಳು ನೋಡಲು ಒಂದೇ ಥರ ಇವೆ. ಮೊಬೈಲ್ ಜೊತೆ ಬಂದ ಕೇಬಲ್‌ನಿಂದ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ. ಆದರೆ ಅದರಲ್ಲೇ ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡ್ರೈವ್) ಜೋಡಿಸಿದರೆ ಫೈಲ್ ಕಾಪಿ ಆಮೆಗತಿಯಲ್ಲಿ ಸಾಗುತ್ತದೆ, ಮಾನಿಟರ್ ಜೋಡಿಸಿದರೆ ಚಿತ್ರವೇ ಬರುವುದಿಲ್ಲ. ಕೇಬಲ್ ಹಾಳಾಗಿದೆಯೇ?

ಉತ್ತರ: ಹಾಳಾಗಿಲ್ಲ. ಟೈಪ್-ಸಿ ಎಂಬುದು ಪ್ಲಗ್‌ನ ಆಕಾರದ ಹೆಸರು, ವೇಗದ ಹೆಸರಲ್ಲ. ಈ ಆಕಾರದಲ್ಲಿ 24 ಪಿನ್‌ಗಳಿಗೆ ಜಾಗವಿದೆ, ಆದರೆ ಎಲ್ಲಕ್ಕೂ ತಂತಿ ಎಳೆದಿರಬೇಕೆಂಬ ನಿಯಮವಿಲ್ಲ. ಮೊಬೈಲ್ ಜೊತೆ ಬರುವ ಬಹುತೇಕ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿಗಳು ಮತ್ತು ಹಳೆಯ ಯುಎಸ್‌ಬಿ 2.0ರ ಒಂದು ಜೋಡಿ ಡೇಟಾ ತಂತಿ ಇರುತ್ತವೆ, ಅಷ್ಟೇ. ಅತಿವೇಗದ ನಾಲ್ಕು ಜೋಡಿ ತಂತಿಗಳು ಅದರಲ್ಲಿ ಇರುವುದೇ ಇಲ್ಲ. ಮಾನಿಟರ್‌ಗೆ ಚಿತ್ರ ಹೋಗುವುದೂ ಆ ನಾಲ್ಕು ಜೋಡಿಗಳ ಮೂಲಕವೇ. ನಿಮ್ಮ ಎರಡೂ ತೊಂದರೆಗಳಿಗೆ ಕಾರಣ ಇದೊಂದೇ.

ವ್ಯತ್ಯಾಸ ಎಷ್ಟೆಂದರೆ, ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. 8 ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 40 ಎಂಬಿ (ಮೆಗಾಬೈಟ್). 100 ಜಿಬಿ ಕಾಪಿಯಾಗಲು ಮುಕ್ಕಾಲು ಗಂಟೆಯ ಹತ್ತಿರ ಬೇಕು. ಅದೇ ಎಸ್‌ಎಸ್‌ಡಿ 10 ಗಿಗಾಬಿಟ್‌ನ ಕೇಬಲ್ ಮತ್ತು ಪೋರ್ಟ್‌ನಲ್ಲಿ ಎರಡು ಮೂರು ನಿಮಿಷಕ್ಕೆ ಮುಗಿಸಬಲ್ಲದು.

ಗುರುತಿಸುವುದು ಹೇಗೆ? ಮೊದಲು ಪ್ಲಗ್‌ನ ಮೇಲೆ ನೋಡಿ. 5, 10, 20, 40 ಎಂದು ಬರೆದಿದ್ದರೆ ಅದು ಗಿಗಾಬಿಟ್ ಲೆಕ್ಕ. ಮಿಂಚಿನ ಚಿಹ್ನೆಯ ಪಕ್ಕ 3 ಅಥವಾ 4 ಇದ್ದರೆ ಅದು ಥಂಡರ್‌ಬೋಲ್ಟ್, ಅಂದರೆ ಇದೇ ಆಕಾರದ ಪ್ಲಗ್ ಇರುವ ಅತಿವೇಗದ ಕೇಬಲ್. ಏನೂ ಇಲ್ಲದಿದ್ದರೆ 5 ಜಿಬಿಯ ಒಂದೇ ದೊಡ್ಡ ಫೈಲನ್ನು ಎಸ್‌ಎಸ್‌ಡಿಗೆ ಕಾಪಿ ಮಾಡಿ. ವೇಗ 40 ಎಂಬಿಯ ಆಸುಪಾಸಿನಲ್ಲೇ ನಿಂತುಬಿಟ್ಟರೆ ಸಂಪರ್ಕ ಯುಎಸ್‌ಬಿ 2.0ರಲ್ಲಿದೆ ಎಂದೇ ಅರ್ಥ. ಸಣ್ಣ ಸಣ್ಣ ಸಾವಿರ ಫೈಲ್‌ಗಳಿಂದ ಈ ಪರೀಕ್ಷೆ ಮಾಡಬೇಡಿ, ಯಾವ ಕೇಬಲ್ ಆದರೂ ನಿಧಾನವೇ ಕಾಣುತ್ತದೆ.

ಚಾರ್ಜಿಂಗ್ ಸಾಮರ್ಥ್ಯದ ಲೆಕ್ಕ ಇದಕ್ಕಿಂತ ಬೇರೆ. ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಸಾಮಾನ್ಯ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ ಸಾಗಿಸುತ್ತದೆ. 100 ಅಥವಾ 240 ವ್ಯಾಟ್‌ನ ಕೇಬಲ್‌ನ ಪ್ಲಗ್ ಒಳಗೆ ಇ-ಮಾರ್ಕರ್ ಎಂಬ ಚಿಪ್ ಇರುತ್ತದೆ. ಕೇಬಲ್ ಎಷ್ಟು ವಿದ್ಯುತ್ ತಾಳುತ್ತದೆ ಎಂದು ಅದು ಚಾರ್ಜರ್‌ಗೆ ತಿಳಿಸುತ್ತದೆ. ಅದರ ಉತ್ತರ ಸಿಗದಿದ್ದರೆ ಸರಿಯಾದ ಚಾರ್ಜರ್ 3 ಆಂಪಿಯರ್ ದಾಟುವುದಿಲ್ಲ. ಹಾಗಾಗಿ ದೊಡ್ಡ ಲ್ಯಾಪ್‌ಟಾಪ್ ನಿಧಾನವಾಗಿ ಚಾರ್ಜ್ ಆಗುತ್ತದೆ. ಗಮನಿಸಬೇಕಾದ್ದು: 240 ವ್ಯಾಟ್ ಎಂದು ದೊಡ್ಡದಾಗಿ ಬರೆದ ಕೇಬಲ್‌ನ ಡೇಟಾ ವೇಗ ಬರೀ 480 ಮೆಗಾಬಿಟ್ ಇರಬಹುದು. ಕೊಳ್ಳುವಾಗ ವ್ಯಾಟ್ ಮತ್ತು ಗಿಗಾಬಿಟ್ ಎರಡನ್ನೂ ಓದಿ.

ಮಾನಿಟರ್ ವಿಷಯದಲ್ಲಿ ಲ್ಯಾಪ್‌ಟಾಪ್‌ನ ಪೋರ್ಟ್ ಕೂಡ ಚಿತ್ರ ಕಳಿಸುವಂಥದ್ದಾಗಿರಬೇಕು. ಪೋರ್ಟ್ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಅಥವಾ ಥಂಡರ್‌ಬೋಲ್ಟ್ ಗುರುತು ಇದೆಯೇ ನೋಡಿ. ಗುರುತಿಲ್ಲದಿದ್ದರೆ ಆ ಮಾಡೆಲ್‌ನ ವಿವರಪಟ್ಟಿ ತೆಗೆದು ನೋಡಿದ ಮೇಲೆಯೇ ಹೊಸ ಕೇಬಲ್ ಕೊಳ್ಳಿ.

ಪ್ರಶ್ನೆ: 4ಕೆ ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿದ್ದೇನೆ. ಮೌಸ್‌ನ ಬಾಣ ತಡೆದು ತಡೆದು ಓಡುತ್ತದೆ. ಸೆಟಿಂಗ್ಸ್‌ನಲ್ಲಿ 30 ಹರ್ಟ್ಸ್ ಬಿಟ್ಟು ಬೇರೆ ಆಯ್ಕೆಯೇ ಇಲ್ಲ.

ಉತ್ತರ: 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಬಾರಿ, ಪೂರ್ಣ ಬಣ್ಣದೊಂದಿಗೆ ಬರಲು ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಬೇಕು. ಹಳೆಯ ಆವೃತ್ತಿಯಾದ ಎಚ್‌ಡಿಎಂಐ 1.4ರ ಮಿತಿ 10.2, ಹಾಗಾಗಿ 30ಕ್ಕೆ ನಿಲ್ಲುತ್ತದೆ. ಆಯ್ಕೆಯೇ ಕಾಣದಿದ್ದರೆ ಕೇಬಲ್‌ಗಿಂತ ಮೊದಲು ಎರಡೂ ತುದಿಯ ಪೋರ್ಟ್‌ಗಳನ್ನು ಅನುಮಾನಿಸಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ, ಕಡಿಮೆ ಬೆಲೆಯ ಟೈಪ್-ಸಿ ಅಡಾಪ್ಟರ್‌ಗಳಲ್ಲಿ 1.4 ಇರುವುದು ಸಾಮಾನ್ಯ. ಕೆಲವು ಮಾನಿಟರ್‌ಗಳ ಮೆನುವಿನಲ್ಲಿಯೂ 1.4 ಅಥವಾ 2.0 ಎಂದು ಆರಿಸಬೇಕಾಗುತ್ತದೆ. ಕೇಬಲ್‌ನದೇ ದೋಷವಾದರೆ ಲಕ್ಷಣ ಬೇರೆ: 60 ಹರ್ಟ್ಸ್ ಆರಿಸಲು ಬರುತ್ತದೆ, ಆದರೆ ಪರದೆಯಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ ಅಥವಾ ಆಗಾಗ ಒಂದೆರಡು ಸೆಕೆಂಡ್ ಕಪ್ಪಾಗುತ್ತದೆ. ಆಗ ‘ಪ್ರೀಮಿಯಂ ಹೈ ಸ್ಪೀಡ್’ ಎಂದು ಪ್ರಮಾಣಿತವಾದ ಕೇಬಲ್ ಸಾಕು. ‘ಅಲ್ಟ್ರಾ ಹೈ ಸ್ಪೀಡ್’ 48 ಗಿಗಾಬಿಟ್‌ನದು, 4ಕೆ 120 ಹರ್ಟ್ಸ್‌ನಂಥ ಕೆಲಸಕ್ಕೆ. ಬರೀ ಚಿನ್ನದ ಲೇಪನ ನೋಡಿ ಹೆಚ್ಚು ದುಡ್ಡು ಕೊಡಬೇಡಿ, ಅದರಿಂದ ವೇಗ ಹೆಚ್ಚುವುದಿಲ್ಲ.

ಒಂದು ಕಡೆ ಡಿಸ್‌ಪ್ಲೇಪೋರ್ಟ್, ಇನ್ನೊಂದು ಕಡೆ ಎಚ್‌ಡಿಎಂಐ ಇರುವ ಕೇಬಲ್ ತರುವುದಾದರೆ ಒಂದು ಮಾತು: ಸಾಮಾನ್ಯವಾಗಿ ಅದು ಏಕಮುಖ. ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರ್‌ಗೇ ಹೋಗಬೇಕು. ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ.

ಪ್ರಶ್ನೆ: ರೂಟರ್ ಗಿಗಾಬಿಟ್‌ನದು, ಕಂಪ್ಯೂಟರೂ ಗಿಗಾಬಿಟ್‌ನದು. ಆದರೂ ನೆಟ್‌ವರ್ಕ್ ಕೇಬಲ್‌ನಲ್ಲಿ 100ಕ್ಕಿಂತ ಮೇಲೆ ಹೋಗುವುದಿಲ್ಲ.

ಉತ್ತರ: 100 ಮೆಗಾಬಿಟ್‌ಗೆ ಎರಡೇ ಜೋಡಿ ತಂತಿ ಸಾಕು, ಅಂದರೆ 1, 2, 3, 6ನೇ ಪಿನ್‌ಗಳು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 4, 5, 7, 8ರಲ್ಲಿ ಒಂದು ತಂತಿ ಕಡಿದರೂ ಸಂಪರ್ಕ ತಾನಾಗಿಯೇ 100ಕ್ಕೆ ಇಳಿಯುತ್ತದೆ. ಇಂಟರ್‌ನೆಟ್ ನಡೆಯುತ್ತಲೇ ಇರುವುದರಿಂದ ಯಾರಿಗೂ ಕೇಬಲ್ ಮೇಲೆ ಅನುಮಾನ ಬರುವುದಿಲ್ಲ. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಗೋಡೆಯೊಳಗಿನ ಕೇಬಲ್ ಆದರೆ ಎರಡೂ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ (ಹೊಸ ಪ್ಲಗ್ ಒತ್ತಿ ಕೂರಿಸಿ). ಕ್ಲಿಪ್ ಕೆಳಗಿರುವಂತೆ ಹಿಡಿದಾಗ ಎಡದಿಂದ ಬಣ್ಣದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತಂತಿಗಳ ಹೆಣಿಗೆಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ, ಬಿಚ್ಚಿದಷ್ಟೂ ಅಕ್ಕಪಕ್ಕದ ಜೋಡಿಗಳ ಸಂಕೇತ ಒಂದರೊಳಗೊಂದು ಸೇರುತ್ತದೆ. 100 ಮೀಟರ್‌ವರೆಗೆ ಗಿಗಾಬಿಟ್‌ಗೆ ಕ್ಯಾಟ್ 5ಇ ದರ್ಜೆಯ ಕೇಬಲ್ ಧಾರಾಳ ಸಾಕು. ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು. ಅದು ಬಾಗಿದಲ್ಲಿ ಬೇಗ ಮುರಿಯುತ್ತದೆ, ಪೂರ್ತಿ ತಾಮ್ರದ್ದೇ ಕೇಳಿ ತನ್ನಿ.

ಪ್ರಶ್ನೆ: ನೀಲಿ ಯುಎಸ್‌ಬಿ ಪೋರ್ಟ್‌ಗೆ ಹಾರ್ಡ್ ಡಿಸ್ಕ್ ಹಾಕಿದಾಗಲೆಲ್ಲ ವೈರ್‌ಲೆಸ್ ಮೌಸ್ ತಡವರಿಸುತ್ತದೆ. ಏಕೆ?

ಉತ್ತರ: ನೀಲಿ ಪೋರ್ಟ್ ಸಾಮಾನ್ಯವಾಗಿ ಯುಎಸ್‌ಬಿ 3.0ರದು. ಅದು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಹೊರಸೂಸುತ್ತದೆ. ಮೌಸ್ ರಿಸೀವರ್‌ನದೂ ಅದೇ ತರಂಗ. ರಿಸೀವರನ್ನು ಯುಎಸ್‌ಬಿ 2.0ರ ಎಕ್ಸ್‌ಟೆನ್ಷನ್ ಕೇಬಲ್‌ಗೆ ಚುಚ್ಚಿ ಮೌಸ್ ಹತ್ತಿರ, ಡಿಸ್ಕ್‌ನಿಂದ ದೂರ ಇಡಿ. ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ.