ಪ್ರಮಾಣಪತ್ರ ಪರೀಕ್ಷೆಗೆ ಕೂಡಿ ಓದುವುದು

ಪ್ರಶ್ನೆ: ನರರೋಗ ವಿಭಾಗದ ದಾದಿಯರಾದ ನಾವು ನಾಲ್ವರು ನರವಿಜ್ಞಾನ ಶುಶ್ರೂಷೆಯ ಪ್ರಮಾಣಪತ್ರ ಪರೀಕ್ಷೆಗೆ ಒಟ್ಟಾಗಿ ಸಿದ್ಧರಾಗುತ್ತಿದ್ದೇವೆ. ಅಧ್ಯಾಯಗಳನ್ನು ಹಂಚಿಕೊಂಡು ಓದಿದರೆ ಸಾಕೇ?

ಉತ್ತರ: ಸಾಲದು. ಹಂಚಿಕೊಂಡ ಅಧ್ಯಾಯವು ಓದಿದವರಿಗೆ ಮಾತ್ರ ದಕ್ಕುತ್ತದೆ. ಆದ್ದರಿಂದ ಎಲ್ಲರೂ ಎಲ್ಲವನ್ನೂ ಓದಿ, ಕೂಡಿದಾಗ ಕಲ್ಪಿತ ರೋಗಿಯೊಬ್ಬರ ಸ್ಥಿತಿಯನ್ನು ಮುಂದಿಟ್ಟುಕೊಂಡು ಚರ್ಚಿಸಿ. ರೋಗಿಯ ಎಚ್ಚರದ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಕೋಮಾ ಮಾಪಕದಲ್ಲಿ ಕಣ್ಣಿಗೆ ಗರಿಷ್ಠ 4, ಮಾತಿಗೆ 5, ಚಲನೆಗೆ 6 ಅಂಕಗಳೆಂದು ಬಾಯಿಪಾಠ ಮಾಡುವುದು ಸುಲಭ. ಆದರೆ ತಲೆಗೆ ಪೆಟ್ಟಾದ ರೋಗಿಯ ಅಂಕ 14ರಿಂದ 11ಕ್ಕೆ ಇಳಿದು, ಒಂದು ಕಣ್ಣಿನ ಪಾಪೆ ಹಿಗ್ಗಿದಾಗ, ತಲೆಬುರುಡೆಯೊಳಗಿನ ಒತ್ತಡ ಏರಿ ಪಾಪೆಯನ್ನು ಕುಗ್ಗಿಸುವ ಮೂರನೆಯ ಕಪಾಲ ನರವು ಅದುಮಿಹೋಗುತ್ತಿರಬಹುದೆಂದು ಗುರುತಿಸಿ, ವೈದ್ಯರನ್ನು ಕೂಡಲೇ ಏಕೆ ಕರೆಯಬೇಕೆಂದು ಜೊತೆಯವರಿಗೆ ವಿವರಿಸಬಲ್ಲಿರಾದರೆ, ಆ ಪಾಠ ನಿಮಗೆ ನಿಜವಾಗಿ ಒಲಿದಿದೆ. ತಪ್ಪಿದ ಉತ್ತರಗಳಿಗೇ ಹೆಚ್ಚು ಹೊತ್ತು ಕೊಡಿ. ರಾತ್ರಿಪಾಳಿ ಮುಗಿಸಿ ಬಂದವರನ್ನು ಮಾತ್ರ ಅಂದು ಓದಿಗೆ ಕೂರಿಸಬೇಡಿ.