ಲೆಕ್ಕಾಚಾರದ ಗ್ರಾಹಕ ಹುಟ್ಟಿದ್ದೆಲ್ಲಿ?

ಪ್ರಶ್ನೆ: ಪದವಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಪಠ್ಯದಲ್ಲಿ ಬರುವ ಗ್ರಾಹಕ ಸದಾ ಲಾಭ–ನಷ್ಟ ತೂಗಿಯೇ ಹೆಜ್ಜೆ ಇಡುತ್ತಾನೆ. ಮನಸ್ಸು, ಜೀವವಿಕಾಸ ಇವೆಲ್ಲ ಅರ್ಥಶಾಸ್ತ್ರಜ್ಞರ ಗಮನಕ್ಕೆ ಬಂದಿದ್ದು ಇತ್ತೀಚೆಗೇ? ಡಾರ್ವಿನ್‌ಗೂ ಈ ಶಾಸ್ತ್ರಕ್ಕೂ ಏನು ನಂಟು?

ಉತ್ತರ: ಇತ್ತೀಚೆಗಲ್ಲ. ನಿಮ್ಮ ಪಠ್ಯದ ಆ ಗ್ರಾಹಕನೇ ಹತ್ತೊಂಬತ್ತನೇ ಶತಮಾನದ ಮನಃಶಾಸ್ತ್ರದ ಕೂಸು. ಹೆತ್ತವರ ಹೆಸರನ್ನು ಆಮೇಲೆ ಒರೆಸಿಹಾಕಿದರು, ಅಷ್ಟೇ.

ಡಾರ್ವಿನ್ ವಿಷಯ ಮೊದಲು ಮುಗಿಸಿಬಿಡೋಣ. ಸಾಲ ತಂದವನು ಡಾರ್ವಿನ್, ಕೊಟ್ಟಿದ್ದು ಅರ್ಥಶಾಸ್ತ್ರ. ಆಹಾರ ಬೆಳೆಯುವುದಕ್ಕಿಂತ ಬೇಗ ಬಾಯಿಗಳು ಹೆಚ್ಚುತ್ತವೆ ಎಂಬ ಅರ್ಥಶಾಸ್ತ್ರಜ್ಞ ಮಾಲ್ಥಸ್‌ನ ವಾದವನ್ನು ಅವನು 1838ರಲ್ಲಿ ಓದಿದ. ಹಾಗಾದರೆ ಉಳಿಯುವವರು ಯಾರು ಎಂಬ ಪ್ರಶ್ನೆ, ಪರಿಸರಕ್ಕೆ ಹೊಂದಿಕೊಂಡವೇ ಉಳಿಯುತ್ತವೆ ಎಂಬ ನೈಸರ್ಗಿಕ ಆಯ್ಕೆಯತ್ತ ಕರೆದೊಯ್ದಿತು. ಇಪ್ಪತ್ತು ವರ್ಷಗಳ ನಂತರ ಜ್ವರದಲ್ಲಿ ಮಲಗಿದ್ದ ಪ್ರಕೃತಿ ವಿಜ್ಞಾನಿ ವ್ಯಾಲೇಸ್‌ಗೂ ಹೊಳೆದದ್ದು ಅದೇ ಮಾಲ್ಥಸ್‌ನಿಂದ.

ಇನ್ನು ಮನಸ್ಸಿನ ಕಥೆ. ಕೈಯಲ್ಲಿ ಹಗುರ ವಸ್ತುವಿದ್ದಾಗ ಚೂರು ಭಾರ ಸೇರಿಸಿದರೂ ಗೊತ್ತಾಗುತ್ತದೆ. ದೊಡ್ಡ ಹೊರೆ ಹೊತ್ತಿದ್ದರೆ ಅದೇ ಚೂರು ಗೊತ್ತೇ ಆಗುವುದಿಲ್ಲ. ಜರ್ಮನಿಯ ಮನಃಶಾಸ್ತ್ರಜ್ಞ ಫೆಕ್ನರ್ 1860ರಲ್ಲಿ ಇದನ್ನು ಗಣಿತದ ಸೂತ್ರಕ್ಕಿಳಿಸಿದ. ಒಂದೇ ವಸ್ತು ಹೆಚ್ಚೆಚ್ಚು ಸಿಕ್ಕಂತೆ ಮುಂದಿನದರಿಂದ ಸಿಗುವ ತೃಪ್ತಿ ಕುಗ್ಗುತ್ತದೆ ಎಂದು ನೀವು ಬಾಯಿಪಾಠ ಮಾಡಿರುವ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮದ ಆಕಾರವೂ ಇದೇ ತಾನೆ? ಈ ನೆಂಟಸ್ತನವನ್ನು ಅರ್ಥಶಾಸ್ತ್ರಜ್ಞ ಎಡ್ಜ್‌ವರ್ತ್ ಗುರುತಿಸಿದ. ಕ್ಷಣಕ್ಷಣದ ಸುಖವನ್ನು ಅಳೆದು ಬರೆದಿಡುವ ಯಂತ್ರವೊಂದನ್ನು 1881ರಲ್ಲಿ ಕಲ್ಪಿಸಿಕೊಂಡದ್ದೂ ಅವನೇ.

ನನಗೆ ಎಲ್ಲರಿಗಿಂತ ಕುತೂಹಲ ಹುಟ್ಟಿಸುವವನು ಆಲ್ಫ್ರೆಡ್ ಮಾರ್ಷಲ್. ನಿಮಗೆ ಅವನು ಬೇಡಿಕೆ–ಪೂರೈಕೆಯ ರೇಖೆಗಳಿಂದಷ್ಟೇ ಪರಿಚಯ. 1860ರ ದಶಕದ ಕೊನೆಯಲ್ಲಿ, ಅರ್ಥಶಾಸ್ತ್ರಕ್ಕೆ ಪೂರ್ತಿ ಇಳಿಯುವ ಮುನ್ನ, ಕೇಂಬ್ರಿಜ್‌ನ ಚರ್ಚಾಕೂಟವೊಂದಕ್ಕೆ ಆತ ಒಂದು ಪ್ರಬಂಧ ಬರೆದಿದ್ದ. ಅದರ ವಿಷಯ, ಅನುಭವದಿಂದ ಕಲಿಯುವ ಯಂತ್ರ! ಅದರ ಮಿದುಳಿಗೆ ಎರಡು ಅಂತಸ್ತು. ಕೆಳಗಿನದು ರೂಢಿಯಾದ ಕೆಲಸಗಳನ್ನು ತಾನೇ ನಡೆಸುತ್ತದೆ; ಮೇಲಿನದು ಮುಂದೇನಾದೀತು ಎಂದು ಊಹಿಸುತ್ತದೆ. 1890ರಲ್ಲಿ ಬಂದ ಅವನ ಮುಖ್ಯ ಗ್ರಂಥದಲ್ಲಿ ಇದೇ ಯೋಚನೆ ವೇಷ ಬದಲಿಸಿ ಬರುತ್ತದೆ. ಹೊಸದಾಗಿ ಸ್ಕೇಟಿಂಗ್ ಕಲಿಯುವವನಿಗೆ ಬೀಳದೆ ನಿಲ್ಲುವುದರಲ್ಲೇ ತಲೆಯೆಲ್ಲ ಖರ್ಚಾಗುತ್ತದೆ, ಬೇರೆ ಯೋಚನೆಗೆ ಪುರುಸೊತ್ತಿಲ್ಲ. ಪಳಗಿದ ಮೇಲೆ ಕಾಲುಗಳ ಉಸ್ತುವಾರಿಯನ್ನು ನರಕೇಂದ್ರಗಳೇ ವಹಿಸಿಕೊಂಡು ಮಿದುಳಿಗೆ ಬಿಡುವು ಕೊಡುತ್ತವೆ ಎನ್ನುತ್ತಾನೆ ಅಲ್ಲಿ. ಈ ಉದಾಹರಣೆ ಇರುವುದು ಶ್ರಮ ವಿಭಜನೆಯ ಅಧ್ಯಾಯದಲ್ಲಿ. ಕಾರ್ಖಾನೆಯೂ ಕಲಿಯುತ್ತದೆ, ರೂಢಿಗಳನ್ನು ಕೂಡಿಡುತ್ತದೆ ಎಂಬುದು ಅವನ ನೋಟ. ಅರ್ಥಶಾಸ್ತ್ರಜ್ಞನ ಮೆಕ್ಕಾ ಜೀವಶಾಸ್ತ್ರದಲ್ಲಿದೆ ಎಂದೂ ಬರೆದ. ಶಿಷ್ಯರು ಮಾತ್ರ ರೇಖೆಗಳನ್ನು ಹಿಡಿದುಕೊಂಡರು, ಸ್ಕೇಟಿಂಗನ್ನು ಬಿಟ್ಟರು.

ಹಾಗೆಂದು ಯಾರೂ ತಕರಾರು ತೆಗೆಯಲಿಲ್ಲವೆಂದಲ್ಲ. ಅರ್ಥಶಾಸ್ತ್ರ ಯಾಕಿನ್ನೂ ವಿಕಾಸದ ವಿಜ್ಞಾನವಾಗಿಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ವೆಬ್ಲೆನ್ 1898ರಲ್ಲೇ ಕೇಳಿದ್ದ. ಸುಖದುಃಖಗಳನ್ನು ಮಿಂಚಿನ ವೇಗದಲ್ಲಿ ಕೂಡಿ ಕಳೆಯುವ ಆಸಾಮಿಯನ್ನು ಅವನು ಲೇವಡಿ ಮಾಡಿದ್ದು ಈಗ ಓದಿದರೂ ನಗು ಬರುತ್ತದೆ. ಅದಕ್ಕೆ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಮನಸ್ಸನ್ನು ಸರಿಯಾಗಿ ಓದುವ ಬದಲು ಅದನ್ನು ಹೊರಗೇ ನಿಲ್ಲಿಸಿದರು. ಗ್ರಾಹಕ ಏನು ಆರಿಸಿದ ಎಂಬುದನ್ನಷ್ಟೇ ನೋಡಿದರೆ ಸಾಕು, ಒಳಗೇನು ನಡೆಯಿತೆಂಬುದು ಬೇಡ ಎಂಬ ದಾರಿಯನ್ನು 1938ರಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ಸನ್ ತೆರೆದ. ಮನಃಶಾಸ್ತ್ರ ಹೋಯಿತು, ಅದು ಹೆತ್ತ ಲೆಕ್ಕಾಚಾರದ ಗ್ರಾಹಕ ಉಳಿದ. ಹರ್ಬರ್ಟ್ ಸೈಮನ್, ಆಮೇಲೆ ಮನಃಶಾಸ್ತ್ರಜ್ಞರಾದ ಕಾನಮನ್ ಮತ್ತು ಟ್ವೆರ್ಸ್ಕಿ ಮನಸ್ಸನ್ನು ಮತ್ತೆ ಒಳಕ್ಕೆ ಕರೆತಂದದ್ದು ನಿಮಗೆ ಗೊತ್ತೇ ಇರುತ್ತದೆ.

ಈ ನಡುವೆ ಡಾರ್ವಿನ್ ಹಿಂಬಾಗಿಲಿನಿಂದ ಬಂದ. ವ್ಯಾಪಾರಿಗೆ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ, ಲಾಭ ಮಾಡದವನನ್ನು ಮಾರುಕಟ್ಟೆಯೇ ಜರಡಿ ಹಿಡಿಯುತ್ತದೆ ಎಂದು 1950ರಲ್ಲಿ ಅರ್ಥಶಾಸ್ತ್ರಜ್ಞ ಆಲ್ಚಿಯನ್ ವಾದಿಸಿದ. ಎಲ್ಲರೂ ಲೆಕ್ಕಾಚಾರದವರೆಂದು ಭಾವಿಸಿಕೊಂಡರೆ ತಪ್ಪೇನು ಎಂದು ಕೇಳುವವರಿಗೆ ಇದೊಂದು ಒಳ್ಳೆಯ ಸಬೂಬಾಯಿತು. ನನಗಂತೂ ಅದು ಒಪ್ಪಿಗೆಯಾಗುವುದಿಲ್ಲ. ಆ ಜರಡಿಯಲ್ಲಿ ಉಳಿಯಲು ಎಲ್ಲರಿಗಿಂತ ಜಾಣನಾಗಬೇಕಿಲ್ಲ, ಪಕ್ಕದವನಿಗಿಂತ ಒಂದು ಕೂದಲೆಳೆ ಮೇಲಿದ್ದರೆ ಸಾಕು.